ಮೈಗ್ರೇನಿಗೆ ಹೆದರಿ ಮೀನು, ಉಪ್ಪಿನಕಾಯಿ ಬಿಡುವ ಮೊದಲು

ಮೈಗ್ರೇನ್ ಅಂತ ಗೊತ್ತಾದ ಕೂಡಲೇ ಮನೆಯವರು, ನೆಂಟರು ಎಲ್ಲ ಸೇರಿ ಮೀನು ಬಿಡು, ಉಪ್ಪಿನಕಾಯಿ ಬಿಡು, ಮೊಸರು ಮುಟ್ಟಬೇಡ ಅಂತ ಶುರು ಮಾಡುತ್ತಾರೆ. ದಯವಿಟ್ಟು ಎಲ್ಲವನ್ನೂ ಒಟ್ಟಿಗೆ ಬಿಡಬೇಡಿ. ಬಿಟ್ಟರೆ ನಿಮಗೆ ಆಗದಿರುವುದು ಯಾವುದು ಅಂತ ಕೊನೆಗೂ ಗೊತ್ತಾಗುವುದಿಲ್ಲ.

ಏನು ತಿಂದಿರಿ ಅನ್ನುವುದಕ್ಕೂ ಮೊದಲು ಯಾವಾಗ ತಿಂದಿರಿ ಅಂತ ನೋಡಿ. ಹೊಟ್ಟೆ ಖಾಲಿ ಇದ್ದರೆ ತುಂಬಾ ಜನರಿಗೆ ತಲೆನೋವು ಎದ್ದುಬಿಡುತ್ತದೆ. ಸಂಕಷ್ಟಿ ದಿನ ಚಂದ್ರ ಕಾಣುವವರೆಗೆ ಉಪವಾಸ, ಮದುವೆಮನೆಯಲ್ಲಿ ಎರಡು ಗಂಟೆಗೆ ಊಟ, ಇಲ್ಲವೇ ರಾತ್ರಿಯಿಡೀ ನಿದ್ದೆಗೆಟ್ಟು ಯಕ್ಷಗಾನ ನೋಡಿ ಬೆಳಿಗ್ಗೆ ಬರೀ ಚಾ ಕುಡಿದು ಕೆಲಸಕ್ಕೆ ಹೋಗುವುದು, ಆಮೇಲೆ ಬೈಗುಳ ಮಾತ್ರ ಹಿಂದಿನ ದಿನದ ಮೀನಿಗೆ! ಮದುವೆಗೆ ಹೊರಡುವ ಮೊದಲು ಎರಡು ದೋಸೆ ತಿನ್ನಿ, ಚೀಲದಲ್ಲಿ ಬಾಳೆಹಣ್ಣು ಇಟ್ಟುಕೊಳ್ಳಿ. ಉಪವಾಸ ಮಾಡಲೇಬೇಕೆಂದಿದ್ದರೆ ಹಣ್ಣು, ಹಾಲಾದರೂ ತೆಗೆದುಕೊಳ್ಳಿ. ಕಾರವಾರದ ಏಪ್ರಿಲ್ ಸೆಕೆಯಲ್ಲಿ ಬೆವರಿದಷ್ಟು ನೀರು ಒಳಗೆ ಹೋಗಬೇಕು. ಮಜ್ಜಿಗೆ, ಮುರುಗಲು ಪಾನಕ, ಗಂಜಿ ತಿಳಿ, ಯಾವುದಾದರೂ ಆಗಬಹುದು.

ಇನ್ನು ಚಾ, ಕಾಫಿ. ದಿನಾ ನಾಲ್ಕೈದು ಲೋಟ ಕುಡಿಯುವವರು ಒಂದು ದಿನ ಪೂರ್ತಿ ಬಿಟ್ಟರೆ ಅದಕ್ಕೇ ತಲೆ ಸಿಡಿಯುತ್ತದೆ. ವಾರಕ್ಕೆ ಒಂದು ಲೋಟದಂತೆ ಇಳಿಸಿ. ಶಿರಸಿ ಕಡೆಯವರಿಗೆ ಇದು ಸುಲಭ, ಸಂಜೆ ಚಾ ಬದಲು ಕೊತ್ತಂಬರಿ, ಜೀರಿಗೆ ಕಷಾಯ ಕುಡಿದರಾಯಿತು, ಅದರಲ್ಲಿ ಕೆಫೀನ್ ಇಲ್ಲ.

ಇಷ್ಟಾದ ಮೇಲೂ ನೋವು ಬರುತ್ತಿದ್ದರೆ ಪುಸ್ತಕ ಹಿಡಿಯಿರಿ. ನೋವು ಶುರುವಾದ ಹೊತ್ತು, ಹಿಂದಿನ 24 ಗಂಟೆಯಲ್ಲಿ ತಿಂದದ್ದು ಕುಡಿದದ್ದು, ನಿದ್ದೆ, ಹೆಂಗಸರಾದರೆ ಮುಟ್ಟಿನ ದಿನ, ಎಲ್ಲ ಬರೆಯಿರಿ. ಒಂದೇ ಪದಾರ್ಥ ಮತ್ತೆ ಮತ್ತೆ ಕಂಡರೆ ಅದೊಂದನ್ನೇ ನಾಲ್ಕು ವಾರ ಬಿಟ್ಟು, ಆಮೇಲೆ ಮತ್ತೆ ತಿಂದು ನೋಡಿ. ಒಣಮೀನು, ಹಳೆಯ ಚೀಸ್ ಇಂಥವುಗಳಲ್ಲಿ ಟೈರಮಿನ್ ಅನ್ನುವ ಅಂಶ ಜಾಸ್ತಿ ಇರಬಹುದು, ಕೆಲವರಿಗೆ ಅದು ಆಗುವುದಿಲ್ಲ. ತಾಜಾ ಬಂಗುಡೆಯಲ್ಲಿ ಅದು ತೀರಾ ಕಡಿಮೆ. ಹಾಗಾಗಿ ಒಣಮೀನು ಆಗಲಿಲ್ಲ ಅಂತ ಸುಮ್ನೆ ಮೀನನ್ನೇ ಬಿಡುವುದು ಯಾಕೆ? ವೈನ್ ಕುಡಿಯುವವರು ಅದನ್ನೂ ಬರೆದಿಡಿ. ಚಾಕೊಲೇಟ್ ವಿಷಯದಲ್ಲಿ ಸ್ವಲ್ಪ ಹುಷಾರು. ನೋವು ಬರುವ ಹಿಂದಿನ ದಿನವೇ ಸಿಹಿ ಬೇಕೆನಿಸುವುದು, ಪದೇಪದೇ ಆಕಳಿಕೆ ಬರುವುದು ಮೈಗ್ರೇನಿನದೇ ಲಕ್ಷಣ ಆಗಿರಬಹುದು. ಆಗ ಸಿಹಿ ತಿಂದಿದ್ದಕ್ಕೆ ನೋವು ಬಂದದ್ದಲ್ಲ, ನೋವು ಬರಲಿದೆ ಅಂತಲೇ ಸಿಹಿ ತಿನ್ನಬೇಕೆನಿಸಿದ್ದು.

ಅದೇ ಪುಸ್ತಕದಲ್ಲಿ ಮಾತ್ರೆ ನುಂಗಿದ ದಿನಗಳನ್ನೂ ಬರೆಯಿರಿ. ತಿಂಗಳಿಗೆ 10ಕ್ಕಿಂತ ಜಾಸ್ತಿ ದಿನ ನೋವಿನ ಮಾತ್ರೆ ಬೇಕಾಗುತ್ತಿದ್ದರೆ ಡಾಕ್ಟರಿಗೆ ತೋರಿಸಿ, ಮಾತ್ರೆ ಅತಿಯಾದರೆ ಅದರಿಂದಲೇ ತಲೆನೋವು ಹೆಚ್ಚುತ್ತದೆ. ಹಿಂದೆಂದೂ ಬರದಂಥ ನೋವು ದಿಢೀರನೆ ಬಂದರೆ, ಮಾತು ತೊದಲಿದರೆ, ಒಂದು ಕಡೆಯ ಕೈಕಾಲಿಗೆ ಶಕ್ತಿ ಇಲ್ಲದಂತಾದರೆ, ಜ್ವರದ ಜೊತೆ ಕುತ್ತಿಗೆ ಬಿಗಿದರೆ ಪುಸ್ತಕ ಗಿಸ್ತಕ ಬದಿಗಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಿ.