ಇಪ್ಪತ್ತು ಮಾತ್ರೆಯಲ್ಲಿ ಶೇಕ್ಸ್‌ಪಿಯರ್: ನನ್ನ ಅನುಭವ

ರಂಗಕ್ಕಾಗಿ ಶೇಕ್ಸ್‌ಪಿಯರ್‌ನನ್ನು ಕನ್ನಡಕ್ಕೆ ತರಲು ನಾನು ಹಿಡಿದದ್ದು ಸರಳ ರಗಳೆ, ಅಂದರೆ ಸಾಲಿಗೆ ಇಪ್ಪತ್ತು ಮಾತ್ರೆಯ, ಪ್ರಾಸವಿಲ್ಲದ ಪದ್ಯ. ಅದು ಓದೋಕೆ ಚೆಂದ, ನಟರ ಬಾಯಿಗೆ ಒಗ್ಗಲ್ಲ ಅಂದವರೇ ಹೆಚ್ಚು. ಒಗ್ಗಿತು. 'ಮ್ಯಾಕ್‌ಬೆತ್' ಐದನೇ ಅಂಕದ ಸ್ವಗತ ನೋಡಿ:

ನಾಳೆಯೂ ನಾಳೆಯೂ ಮತ್ತೊಂದು ನಾಳೆಯೂ
ತೆವಳುತ್ತ ದಿನದಿಂದ ದಿನಕಿಂತು ಸಾಗುವುವು

ಲಘು ಅಕ್ಷರಕ್ಕೆ ಒಂದು ಮಾತ್ರೆ, ಗುರುವಿಗೆ ಎರಡು; ಸಾಲಿಗೆ ಐದು ಮಾತ್ರೆಯ ನಾಲ್ಕು ಗಣ, ಅಂದರೆ ನಾಲ್ಕು ತುಂಡು, ಲೆಕ್ಕ ಚೊಕ್ಕ. 'ನಾಳೆಯೂ' ತಾನಾಗಿಯೇ ಐದು ಮಾತ್ರೆ, ಪುಕ್ಕಟೆ ಸಿಕ್ಕಿದ್ದು. ಎರಡನೇ ಸಾಲು ಮೊದಲು 'ತೆವಳುವುದು' ಎಂದು ಶುರುವಾಗುತ್ತಿತ್ತು. ಮಾತ್ರೆ ಐದೇ, ಆದರೆ ಐದೂ ಲಘು, ತೆವಳಬೇಕಾದದ್ದು ಓಡುತ್ತಿತ್ತು. 'ತ್ತ' ಬಂದಮೇಲೆ ಕಾಲೆಳೆಯಿತು.

ಇದಕ್ಕೂ ಮುಂಚೆ ಪ್ರಾಸವಿರುವ ಆರು ಸಾಲಿನ ಭಾಮಿನಿ ಷಟ್ಪದಿಯಲ್ಲಿ ಇಡೀ ಒಂದು ಅಂಕ ಹಾಳಾಯಿತು. ಪ್ರಾಸ ಬಿದ್ದ ಕೂಡಲೇ ಕೊಲೆಗಾರ ಗಮಕಿಯಾಗಿಬಿಡುತ್ತಾನೆ. ರಗಳೆಯ ಮೊದಲ ಕರಡೂ ಕೆಟ್ಟಿತು: ವಾಕ್ಯ ಸಾಲಿನ ಕೊನೆಗೇ ಮುಗಿಯುತ್ತಿತ್ತು, ನಟರು ಮಗ್ಗಿ ಒಪ್ಪಿಸಿದರು. ಈಗ ಮೂರರಲ್ಲಿ ಎರಡು ವಾಕ್ಯ ಸಾಲಿನ ನಡುವೆ, ಎರಡನೇ ಇಲ್ಲವೇ ಮೂರನೇ ಗಣಕ್ಕೆ ನಿಲ್ಲುತ್ತವೆ. ನಟರ ಪ್ರತಿಯಲ್ಲಿ ಗಣವಿಭಾಗದ ಗೆರೆ ಹಾಕಲೇಬೇಡಿ. ಮೂರು ಸಲ ಡಿಟಿಪಿ, ಹದಿನೈದು ಪ್ರತಿ ಜೆರಾಕ್ಸ್, ಏಳೆಂಟು ಸಾವಿರ ನೀರಿಗೆ ಹೋದಮೇಲೆ ಗೊತ್ತಾದದ್ದು ಇದು. ಒಂದೇ ಸಾಲನ್ನು ಇಬ್ಬರು ಹಂಚಿಕೊಳ್ಳುವಲ್ಲಿ ಗಣ ಒಡೆಯುವ ಕೈಚಳಕವೊಂದಿದೆ. ಅದು ನನ್ನ ಹತ್ತಿರವೇ ಇರಲಿ.

ಶ್ಲೇಷೆಯ ಕಷ್ಟವೇ ಬೇರೆ. 'ಜೂಲಿಯಸ್ ಸೀಸರ್' ಮೊದಲ ದೃಶ್ಯದ ಮೋಚಿ, ಇಂಗ್ಲಿಷಿನಲ್ಲಿ ಅಟ್ಟೆಗೂ ಆತ್ಮಕ್ಕೂ ಉಚ್ಚಾರ ಒಂದೇ ಇರುವುದನ್ನು ಹಿಡಿದು ಆಡುತ್ತಾನೆ. ನಾವೂ ಅದನ್ನೇ ಹಿಡಿದರೆ ಅಡಿಟಿಪ್ಪಣಿಯೇ ಗತಿ. ಪದ ಬಿಟ್ಟು ಕಸುಬು ಹಿಡಿಯಿರಿ: "ಜನರ ಕೆಟ್ಟ ನಡೆ ತಿದ್ದೋನು ಸ್ವಾಮಿ." ಹೊಲಿಯುವ ಮೊನೆಯ ಮೇಲಿನ ಇನ್ನೊಂದು ಶ್ಲೇಷೆಗೆ "ಉಳಿಯಿಂದಲೇ ನಾನು ಉಳಿದಿರೋದು." ಮೋಚಿಗೆಲ್ಲಿಯ ಉಳಿ ಎಂದು ತಕರಾರು ಬಂತು. ಚಪ್ಪಲಿ ಹೊಲಿಯುವ ಕಸುಬಿನ ವಚನಕಾರ ಮಾದಾರ ಧೂಳಯ್ಯನ ವಚನದಲ್ಲಿ ಅಟ್ಟೆ ಚುಚ್ಚುವುದು ಉಳಿಯೇ, ತಕರಾರು ಅಲ್ಲಿಗೆ ಮುಗಿಯಿತು. ಮೋಚಿಯದು ಗದ್ಯ, ಗದರುವ ಅಧಿಕಾರಿಗಳದು ಹೆಚ್ಚಾಗಿ ಪದ್ಯ. ಈ ಭೇದ ಅಳಿಸಿದರೆ ನಗುವೂ ಹೋಯಿತು.

'ರೋಮಿಯೊ ಅಂಡ್ ಜೂಲಿಯೆಟ್'ನಲ್ಲಿ ಸಾಯುತ್ತಿರುವ, ರೋಮಿಯೊನ ಗೆಳೆಯ ಮರ್ಕ್ಯೂಷಿಯೊನ 'ಗ್ರೇವ್' ಗಂಭೀರವೂ ಹೌದು, ಗೋರಿಯೂ ಹೌದು. 'ಮಣ್ಣಿನ ಮಗ' ಅಂತ ಹಾಕಿದರೆ ಸಭೆಗೆ ರಾಜಕೀಯ ನೆನಪಾಗಿ ಸಾವೇ ಮರೆತುಹೋಯಿತು. "ನಾಳೆ ಬಂದು ನೋಡು, ಪೂರಾ ತಣ್ಣಗಿರ್ತೀನಿ" ನಿಂತಿತು. ಅಷ್ಟೊತ್ತೂ ಕೆಂಡದಂತಿದ್ದವನ ಬಾಯಲ್ಲಿ ಬರುವುದರಿಂದ ಮೊದಲು ನಗು, ಆಮೇಲೆ ಚುರುಕ್.

'ಮ್ಯಾಕ್‌ಬೆತ್'ನ ಮಾಟಗಾತಿಯರಿಗೂ ಐದರ ಗಣವನ್ನೇ ಕೊಟ್ಟು ನೋಡಿದ್ದಾಯಿತು, ಮೂವರೂ ಮಂತ್ರಿಗಳಂತೆ ಕಂಡರು. ಮೂರು ಮಾತ್ರೆಗೆ ಇಳಿಸಿದ ಮೇಲೆ "ಕುದಿಯೊ ಕುದಿಯೊ ಹಂಡೆ ಕುದಿಯೊ" ಅಂತ ತಾವೇ ಕುಣಿಯತೊಡಗಿದರು.