ರೋಯಿಂಗ್ ಮಷಿನ್ ಮೇಲೆ ಕೂತಾಗ ಬಗ್ಗಬೇಕಾದ್ದು ಸೊಂಟ ಅಲ್ಲ

ಕಾರವಾರದಲ್ಲಿ ಜೂನ್ ಬಂತೆಂದರೆ ಸಂಜೆಯ ವಾಕಿಂಗ್ ಮುಗಿದ ಹಾಗೆ. ಸಮುದ್ರದ ಗಾಳಿಗೆ ಕೊಡೆ ನಿಲ್ಲುವುದಿಲ್ಲ. ಹಾಗಾಗಿ ಹೋದ ವರ್ಷ ಮಳೆಗಾಲಕ್ಕೆ ಮುಂಚೆ ಒಂದು ಹಳೆಯ ರೋಯಿಂಗ್ ಮಷಿನ್ (ಜಾರುವ ಸೀಟಿನ ಮೇಲೆ ಕೂತು, ದೋಣಿಗೆ ಹುಟ್ಟು ಹಾಕಿದ ಹಾಗೆ ಚೈನಿನ ಹ್ಯಾಂಡಲ್ ಎಳೆಯುವ ವ್ಯಾಯಾಮದ ಯಂತ್ರ) ಕೊಂಡು, ಕೋಡಿಬಾಗದ ನಮ್ಮ ಮನೆಯ ಮಾಳಿಗೆ ಕೋಣೆಯಲ್ಲಿ ಇಟ್ಟೆ. ನಾನು 22 ವರ್ಷದಿಂದ ಚಿಕ್ಕ ಮಕ್ಕಳ ಶಾಲೆಯಲ್ಲಿ ಅಕ್ಕೋರು. ನೆಲದ ಮೇಲೆ ಕೂತ ಮಕ್ಕಳ ಪಾಟಿ ನೋಡಲು ದಿನಕ್ಕೆ ಎಷ್ಟು ಸಲ ಬಗ್ಗುತ್ತೇನೋ ಲೆಕ್ಕವಿಲ್ಲ. ಮಷಿನ್ ಶುರು ಮಾಡಿ ಮೂರನೇ ವಾರಕ್ಕೆ, ಬೆಳಗ್ಗೆ ಹಾಸಿಗೆಯಿಂದ ಏಳಲು ಮಂಚದ ಅಂಚು ಹಿಡಿಯಬೇಕಾಯಿತು.

ನೋವಿಗೆ ಕಾರಣ ಮಷಿನ್ ಅಲ್ಲ, ನಾನು ಕಲಿತ ರೀತಿ. ಒಂದು ಜಿಮ್‌ನಲ್ಲಿ ಎರಡು ಮಾತು ಹೇಳಿಕೊಟ್ಟಿದ್ದರು. "ಲಿವರ್ ಹತ್ತಕ್ಕೆ ಇಡಿ" (ಲಿವರ್ ಅಂದರೆ ಮಷಿನ್ನಿನ ಫ್ಯಾನಿನ ಬದಿಯಲ್ಲಿ, ಎಳೆತ ಹಗುರ ಅಥವಾ ಭಾರ ಮಾಡುವ ಹಿಡಿ) ಮತ್ತು "ಸೊಂಟದಿಂದ ಬಗ್ಗಿ". ಎರಡೂ ನನಗೆ ನೋವು ತಂದವು. ಎರಡನೆಯದು ಜಾಸ್ತಿ.

ನಮ್ಮ ಮಾತಿನಲ್ಲಿ ಸೊಂಟ ಅಂದರೆ ಸೀರೆ ಸಿಕ್ಕಿಸುವ ಜಾಗವೂ ಹೌದು, ನೋವು ಬರುವ ಜಾಗವೂ ಹೌದು. "ಸೊಂಟದಿಂದ ಬಗ್ಗಿ" ಅಂದರೆ ನಾವು ಅಲ್ಲೇ ಮಡಚುತ್ತೇವೆ, ಅಲ್ವಾ? ಬಗ್ಗಬೇಕಾದ್ದು ಅದಕ್ಕಿಂತ ಕೆಳಗೆ, ತೊಡೆ ಮೈಗೆ ಸೇರುವ ಸಂದಿನಲ್ಲಿ. ತೊಡೆಸಂದು ದೊಡ್ಡ ಕೀಲು, ಬಗ್ಗುವುದಕ್ಕೇ ಇರುವುದು. ಸೊಂಟದ ಮೂಳೆಗಳ ನಡುವಿನ ಡಿಸ್ಕ್‌ಗಳು ಹಾಗಲ್ಲ. ಬೆನ್ನು ಗೂನಾದಾಗ ಅವುಗಳ ಮುಂಭಾಗ ಒತ್ತಿಕೊಳ್ಳುತ್ತದೆ, ಹಿಂಭಾಗ ಎಳೆದುಕೊಳ್ಳುತ್ತದೆ. ಅದೇ ಸ್ಥಿತಿಯಲ್ಲಿ ಭಾರ ಎಳೆದರೆ? ನಿಮಿಷಕ್ಕೆ 20 ಎಳೆತ ಅಂದರೂ ಹತ್ತು ನಿಮಿಷಕ್ಕೆ 200 ಸಲ.

ಅಂಕೋಲಾ ಕಡೆ ಗದ್ದೆ ನಾಟಿ ಮಾಡುವ ಹೆಂಗಸರನ್ನು ಬದಿಯಿಂದ ನೋಡಿ. ನುರಿತವರ ಬೆನ್ನು ಹಲಗೆಯ ಹಾಗೆ ಚಪ್ಪಟೆ ಇರುತ್ತದೆ. ಮಡಚುವುದು ತೊಡೆಸಂದಿನಲ್ಲಿ. ನಮಗೆ ಬೇಕಾದ್ದು ಅದೇ ಬಗ್ಗುವಿಕೆ.

ಮಷಿನ್ ಮುಟ್ಟುವ ಮುಂಚೆ ನೆಲದ ಮೇಲೆ ಇದನ್ನು ಕಲಿಯಿರಿ. ನಾನು ಮಾವಿನಕಾಯಿ ಕೊಯ್ಯುವ ದೋಟಿಯಿಂದ ನಾಲ್ಕು ಅಡಿ ತುಂಡು ಕತ್ತರಿಸಿಕೊಂಡೆ. ಕೋಲನ್ನು ಬೆನ್ನಿಗೆ ಉದ್ದಕ್ಕೆ ಹಿಡಿಯಬೇಕು. ತಲೆಯ ಹಿಂಭಾಗ, ಎರಡು ಹೆಗಲ ನಡುವೆ, ಕುಂಡೆಯ ಮೇಲಿನ ಮೂಳೆ, ಈ ಮೂರು ಕಡೆ ಕೋಲು ತಾಗಿರಲಿ. ಮಂಡಿ ಸ್ವಲ್ಪ ಸಡಿಲ ಬಿಟ್ಟು, ಕುಂಡೆಯನ್ನು ಹಿಂದಕ್ಕೆ ತಳ್ಳುತ್ತಾ ಬಗ್ಗಿ. ಹಿಂದೆ ಬಾಗಿಲಿದ್ದು ಅದನ್ನು ಕುಂಡೆಯಿಂದ ಮುಚ್ಚುತ್ತಿದ್ದೀರಿ ಅಂದುಕೊಳ್ಳಿ. ಕೋಲು ಎಲ್ಲಾದರೂ ಬಿಟ್ಟುಕೊಂಡರೆ ಅಲ್ಲಿಗೆ ನಿಲ್ಲಿಸಿ. ಮೊದಲ ದಿನ ನನಗೆ ಒಂದು ಗೇಣು ಬಗ್ಗುವಷ್ಟರಲ್ಲೇ ಕೋಲು ಕುಂಡೆಯ ಮೂಳೆಯಿಂದ ಬಿಟ್ಟಿತು. ಒಂದು ವಾರ ದಿನಾ ಹತ್ತು ಸಲ ಮಾಡಿದ ಮೇಲೆ ಮೈಗೆ ತಿಳಿಯಿತು.

ಇನ್ನು ಕೂರುವುದು. ಮರದ ಮಣೆ ಮೇಲೆ ಕೂತು ಅಂಗೈಯನ್ನು ಕುಂಡೆಯ ಕೆಳಗಿಡಿ. ಎರಡು ಗಟ್ಟಿ ಮೂಳೆ ಕೈಗೆ ಒತ್ತುತ್ತವೆ. ಬೆನ್ನು ಗೂನು ಮಾಡಿದರೆ ಆ ಮೂಳೆಗಳು ಮುಂದಕ್ಕೆ ಜಾರಿ ಭಾರ ಬಾಲದ ಮೂಳೆಯ ಕಡೆ ಹೋಗುತ್ತದೆ. ಮಷಿನ್ ಸೀಟಿನ ಮೇಲೂ ಆ ಎರಡು ಮೂಳೆಗಳ ಮೇಲೇ ಕೂರಬೇಕು. ಎಳೆಯುವಾಗ ಪೂರ್ತಿ ಅದು ನೆನಪಿರಲಿ.

ಪಾದದ ಪಟ್ಟಿ ಪಾದದ ಅಗಲವಾದ ಭಾಗದ ಮೇಲೆ, ಬೆರಳುಗಳ ಬುಡದಲ್ಲಿ ಬರಬೇಕು. ತೊಡೆಯ ಹಿಂಭಾಗ ಬಿಗಿ ಇರುವವರು ಪಾದ ಇಡುವ ಹಲಗೆಯನ್ನು ಒಂದೆರಡು ತೂತು ಕೆಳಗಿಳಿಸಿ. ಪಾದ ತಗ್ಗಿದಷ್ಟೂ ತೊಡೆಸಂದಿನಿಂದ ಮುಂದೆ ಬಾಗುವುದು ಸುಲಭ. ಲಿವರ್ 3 ಅಥವಾ 4ರಲ್ಲಿ ಸಾಕು. ಅದು ಫ್ಯಾನಿನ ಗೂಡಿಗೆ ಎಷ್ಟು ಗಾಳಿ ಬಿಡಬೇಕು ಅನ್ನುವುದಕ್ಕೆ ಮಾತ್ರ. 10ಕ್ಕೆ ಇಟ್ಟರೆ ಸರಕು ತುಂಬಿದ ದೋಣಿ ಎಳೆದ ಹಾಗೆ, ಪ್ರತಿ ಎಳೆತದ ಶುರುವಿನಲ್ಲೇ ಭಾರ ಬೆನ್ನಿಗೆ ಬೀಳುತ್ತದೆ. 3ರಲ್ಲಿ ಪಾತಿ ದೋಣಿಯ ಹಾಗೆ ಹಗುರ. ವ್ಯಾಯಾಮ ಕಡಿಮೆಯಾಗುವುದಿಲ್ಲ. ಕಾಲಿನಿಂದ ಜೋರಾಗಿ ತಳ್ಳಿದರೆ 3ರಲ್ಲೂ ಬೆವರು ಇಳಿಯುತ್ತದೆ.

ಎಳೆತದ ಕ್ರಮ ನನಗೆ ಅರ್ಥವಾದದ್ದು ರಂಪಣಿ (ದಡದಿಂದ ಎಳೆಯುವ ದೊಡ್ಡ ಮೀನುಬಲೆ) ಎಳೆಯುವ ನಮ್ಮ ಪಕ್ಕದ ಮನೆಯವರಿಂದ. ನನ್ನನ್ನು ನೋಡಿ ಅವರು ಹೇಳಿದರು, "ಅಕ್ಕೋರೆ, ಕೈಲಿ ಎಳೆದ್ರೆ ಬಲೆ ಬರ್ತದೇನ್ರಿ? ಎಳೆಯೋದು ಕಾಲು. ಕೈ ಬರೀ ಹಗ್ಗ ಹಿಡ್ಕೊಂಡಿರ್ತದೆ." ದಡದ ಮೇಲೆ ಅವರು ಎಳೆಯುವುದನ್ನು ಆಮೇಲೆ ಗಮನವಿಟ್ಟು ನೋಡಿದೆ. ಹಿಮ್ಮಡಿ ಮರಳಿನಲ್ಲಿ ಹೂತಿರುತ್ತದೆ, ತೋಳು ನೇರ, ಹಗ್ಗ ಬಿಗಿ. ಮಂಡಿ ನೇರವಾಗುತ್ತಾ ಬಂದ ಹಾಗೆ ಇಡೀ ಮೈ ಹಿಂದೆ ಹೋಗುತ್ತದೆ.

ಮಷಿನ್ ಮೇಲೂ ಹಾಗೇ. ಮೊದಲು ಕಾಲು ತಳ್ಳಬೇಕು. ಆಗ ಮೈ ಮುಂದೆ ಬಾಗಿದ ಕೋನದಲ್ಲೇ ಇರಲಿ, ತೋಳು ನೇರ ಇರಲಿ. ಕಾಲು ಹೆಚ್ಚೂಕಡಿಮೆ ನೇರವಾದ ಮೇಲೆ ಮೈ ತೊಡೆಸಂದಿನಿಂದ ಹಿಂದಕ್ಕೆ. ಕೊನೆಗೆ ಕೈ, ಹ್ಯಾಂಡಲ್ ಪಕ್ಕೆಲುಬಿನ ಕೆಳ ಅಂಚಿಗೆ. ಒಂದು ಪರೀಕ್ಷೆ ಇದೆ. ತಳ್ಳುವಾಗ ಸೀಟು ಮತ್ತು ಹ್ಯಾಂಡಲ್ ಒಟ್ಟಿಗೇ ಹೊರಡುತ್ತವೆಯೇ ನೋಡಿ. ಸೀಟು ಸರ್ರನೆ ಹಿಂದೆ ಹೋಗಿ ಹ್ಯಾಂಡಲ್ ಅಲ್ಲೇ ಉಳಿದರೆ, ಕಾಲಿನ ಕೆಲಸವನ್ನೆಲ್ಲ ಆಮೇಲೆ ಸೊಂಟ ಮಾಡಬೇಕಾಗುತ್ತದೆ. ಮಗಳಿಗೆ ಬದಿಯಿಂದ ಮೊಬೈಲಿನಲ್ಲಿ ವೀಡಿಯೋ ಮಾಡಲು ಹೇಳಿದೆ. ನನ್ನದು ಸರಿಯಾಗಿ ಹೀಗೇ ಆಗುತ್ತಿತ್ತು. ನೀವೂ ಒಮ್ಮೆ ವೀಡಿಯೋ ಮಾಡಿಸಿ, ಕನ್ನಡಿಗಿಂತ ಅದು ಒಳ್ಳೆಯದು.

ಆ ವೀಡಿಯೋದಲ್ಲಿ ಕೋನವನ್ನೂ ನೋಡಿ. ಫ್ಯಾನು ಎಡಕ್ಕೆ ಬರುವ ಹಾಗೆ ಬದಿಯಿಂದ ತೆಗೆದಿದ್ದರೆ, ಮುಂದೆ ಬಾಗಿದಾಗ ಮೈ ಗಡಿಯಾರದ 11ರ ಮುಳ್ಳಿನ ಹಾಗೆ, ಹಿಂದೆ ಹೋದಾಗ 1ರ ಹಾಗೆ. ಅದಕ್ಕಿಂತ ಹಿಂದೆ ಮಲಗಬೇಡಿ.

ವಾಪಸ್ ಮುಂದೆ ಬರುವಾಗಲೂ ಸೊಂಟ ಜೋಪಾನ. ಕ್ರಮ ಉಲ್ಟಾ: ಕೈ ನೇರ, ಆಮೇಲೆ ಮೈ ಮುಂದೆ, ಹ್ಯಾಂಡಲ್ ಮಂಡಿ ದಾಟಿದ ಮೇಲೆ ಮಾತ್ರ ಮಂಡಿ ಮಡಚುವುದು. ಮೈ ಬಾಗುವುದೆಲ್ಲ ಆಗಲೇ ಮುಗಿದಿರಬೇಕು. ಮೊಣಕಾಲಿನ ಕೆಳಗಿನ ಮೂಳೆ ನೆಟ್ಟಗೆ ಕಂಬದ ಹಾಗೆ ನಿಂತ ಕೂಡಲೇ ಸಾಕು, ಅಲ್ಲಿಂದ ತಿರುಗಿ ತಳ್ಳಿ. ಇನ್ನೂ ನಾಲ್ಕು ಬೆರಳು ಮುಂದೆ ಹೋದರೆ ಜಾಸ್ತಿ ಎಳೆಯಬಹುದು ಅನ್ನಿಸುತ್ತದೆ. ಆ ನಾಲ್ಕು ಬೆರಳನ್ನು ತೊಡೆಸಂದು ಕೊಡುವುದಿಲ್ಲ, ಸೊಂಟವನ್ನು ಗೂನು ಮಾಡಿಯೇ ಪಡೆಯಬೇಕು. ದಯವಿಟ್ಟು ಬಿಟ್ಟುಬಿಡಿ. ಮುಂದೆ ಬರುವುದು ನಿಧಾನ ಇರಲಿ, ತಳ್ಳಲು ಒಂದು ಎಣಿಕೆ, ಬರಲು ಎರಡು. ನಿಮಿಷಕ್ಕೆ 18ರಿಂದ 22 ಎಳೆತ ಸಾಕು.

ಮೊದಲ ವಾರ ಐದು ನಿಮಿಷ ಮಾಡಿ, ಎದ್ದು ಎರಡು ನಿಮಿಷ ಓಡಾಡಿ, ಮತ್ತೆ ಐದು ನಿಮಿಷ. ವಾರಕ್ಕೆ ಮೂರು ದಿನ. ಆಮೇಲೆ ವಾರಕ್ಕೆ ಒಂದೆರಡು ನಿಮಿಷ ಸೇರಿಸಿ. ಬೆನ್ನಿನ ಸ್ನಾಯು ದಣಿದರೆ ಬೆನ್ನು ತಾನಾಗಿ ಗೂನಾಗುತ್ತದೆ. ಅದಕ್ಕೇ ಸ್ಕ್ರೀನ್ ಮೇಲಿನ ಮೀಟರ್ ಲೆಕ್ಕಕ್ಕಿಂತ ಬೆನ್ನು ಹೇಳಿದಲ್ಲಿ ನಿಲ್ಲಿಸಬೇಕು. ಬೆಳಗ್ಗೆ ಎದ್ದ ಕೂಡಲೇ ಬೇಡ. ರಾತ್ರಿಯೆಲ್ಲ ಮಲಗಿದಾಗ ಡಿಸ್ಕ್‌ಗಳು ನೀರು ಹೀರಿಕೊಂಡು ಉಬ್ಬಿರುತ್ತವೆ, ಬಗ್ಗಿದರೆ ಒತ್ತಡ ಜಾಸ್ತಿ. ನಾನು ಚಾ ಕುಡಿದು, ಅಂಗಳ ಗುಡಿಸಿ, ಒಂದು ಗಂಟೆ ಕಳೆದ ಮೇಲೆ ಕೂರುತ್ತೇನೆ.

ಸ್ನಾಯು ಹಿಡಿದುಕೊಂಡಂಥ ನೋವು ಸಾಮಾನ್ಯವಾಗಿ ಕೆಲವು ದಿನದಲ್ಲಿ ಇಳಿಯುತ್ತದೆ. ನೋವು ಕಾಲಿನ ಕೆಳಗೆ ಇಳಿದರೆ, ಪಾದ ಜೋಮು ಹಿಡಿದರೆ ಮಷಿನ್ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಪಾದ ಎತ್ತಲು ಶಕ್ತಿ ಇಲ್ಲದಿದ್ದರೆ, ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ತೊಡೆಗಳ ನಡುವೆ ಸ್ಪರ್ಶ ಗೊತ್ತಾಗದಿದ್ದರೆ ಒಂದು ದಿನವೂ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಕರಾವಳಿಯವರಿಗೆ ಇನ್ನೊಂದು ಮಾತು. ಉಪ್ಪುಗಾಳಿಗೆ ನಮ್ಮಲ್ಲಿ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಚೈನು ಒಣಗಿ ಸಿಕ್ಕಿಕೊಂಡರೆ ಎಳೆತ ಜಗ್ಗಿದ ಹಾಗೆ ಬರುತ್ತದೆ, ಆ ಜಗ್ಗು ನೇರ ಸೊಂಟಕ್ಕೆ ತಾಗುತ್ತದೆ. ಸೀಟು ಜಾರುವ ಕಂಬಿಯನ್ನು ದಿನಾ ಒಣ ಬಟ್ಟೆಯಲ್ಲಿ ಒರೆಸಿ. ಚೈನಿಗೆ ಮಳೆಗಾಲದಲ್ಲಿ ನಾನು ವಾರಕ್ಕೊಮ್ಮೆ ಹತ್ತಿಯಲ್ಲಿ ಒಂದೆರಡು ಹನಿ ಎಣ್ಣೆ ಹಚ್ಚುತ್ತೇನೆ, ಉಳಿದದ್ದನ್ನು ಒರೆಸಿ ತೆಗೆಯುತ್ತೇನೆ.