ಜ್ಯೇಷ್ಠಮಧು ಹೊಟ್ಟೆಹುಣ್ಣು ತಡೆಯುತ್ತದೆಯೇ? ಇಲಿಗಳಲ್ಲಿ ಪರೀಕ್ಷಿಸುವ ಬಗೆ

ಜ್ಯೇಷ್ಠಮಧುವಿನ ಸತ್ವದಿಂದ ರೂಪಿಸಿದ ಕಾರ್ಬೆನಾಕ್ಸೊಲೋನ್ 1960ರ ದಶಕದಲ್ಲಿ ಬ್ರಿಟನ್ನಿನಲ್ಲಿ ಹುಣ್ಣಿನ ಮದ್ದಾಗಿ ಬಂತು. ಆದರೆ ಅದು ರಕ್ತದೊತ್ತಡ ಏರಿಸುತ್ತಿತ್ತು, ಪೊಟ್ಯಾಸಿಯಂ ಇಳಿಸುತ್ತಿತ್ತು. ಈ ಬೇರನ್ನು ಪರೀಕ್ಷಿಸುವವರು ಗುಣದಷ್ಟೇ ದೋಷವನ್ನೂ ಹುಡುಕಬೇಕು.

ಸಂಸ್ಥೆಯ ಪ್ರಾಣಿ ನೈತಿಕ ಸಮಿತಿ ಒಪ್ಪುವವರೆಗೆ ಒಂದು ಇಲಿಯನ್ನೂ ಮುಟ್ಟುವಂತಿಲ್ಲ.

ಒಣಬೇರಿನ 100 ಗ್ರಾಂ ಪುಡಿಯನ್ನು ಒಂದು ಲೀಟರ್ 70% ಎಥನಾಲಿನಲ್ಲಿ ಮೂರು ದಿನ ನೆನೆಸಿ, ಸೋಸಿ, 45 ಡಿಗ್ರಿ ಸೆಲ್ಸಿಯಸ್ ಮೀರದಂತೆ ಆವಿಯಾಗಿಸಿ. ಎಥನಾಲ್ ಪೂರ್ತಿ ಹೋಗಲೇಬೇಕು. ಏಕೆಂದರೆ ಈ ಪರೀಕ್ಷೆಯಲ್ಲಿ ಇಲಿಯ ಹೊಟ್ಟೆಯಲ್ಲಿ ಹುಣ್ಣು ಮಾಡುವುದೂ ಶುದ್ಧ ಎಥನಾಲಿನಿಂದಲೇ. ತೆಳು ಎಥನಾಲ್ ಜಠರದ ಒಳಪೊರೆಯನ್ನು ಕೆಣಕಿ, ಅದರ ಸ್ವರಕ್ಷಣೆಯನ್ನು ಎಬ್ಬಿಸುತ್ತದೆ. ಆ ರಕ್ಷಣೆಯ ಶ್ರೇಯಸ್ಸು ತಪ್ಪಾಗಿ ಬೇರಿಗೆ ಸಲ್ಲುತ್ತದೆ.

150ರಿಂದ 200 ಗ್ರಾಂ ತೂಗುವ ಒಂದೇ ಲಿಂಗದ ವಿಸ್ಟಾರ್ (ಪ್ರಯೋಗಾಲಯದ ತಳಿ) ಇಲಿಗಳನ್ನು ಆರಾರರಂತೆ ಐದು ಗುಂಪು ಮಾಡಿ: ಬರೀ 0.5% ಸಿಎಂಸಿ (ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್, ಮದ್ದು ಕಲಸುವ ಅಂಟು) ದ್ರಾವಣ, ಸುಕ್ರಾಲ್‌ಫೇಟ್ (ಹುಣ್ಣಿನ ಮೇಲೆ ಪದರ ಹೊದಿಸುವ ಮದ್ದು), ಮತ್ತು ಕಿಲೋ ತೂಕಕ್ಕೆ 100, 200, 400 ಮಿ.ಗ್ರಾಂ ಸತ್ವ. ಹೋಲಿಕೆಗೆ ಆಮ್ಲ ತಗ್ಗಿಸುವ ರಾನಿಟಿಡಿನ್ ಸಾಲದು. ಎಥನಾಲಿನ ಗಾಯಕ್ಕೆ ಆಮ್ಲ ಮುಖ್ಯ ಕಾರಣವಲ್ಲ.

24 ಗಂಟೆ ಉಪವಾಸ, ನೀರು ಉಂಟು. ಪಂಜರದ ತಳ ತಂತಿಬಲೆಯದಿರಲಿ. ಇಲ್ಲವಾದರೆ ಇಲಿ ಹಾಸು, ಹಿಕ್ಕೆ ತಿಂದು ಹೊಟ್ಟೆ ತುಂಬಿಸಿಕೊಳ್ಳುತ್ತದೆ, ಹುಣ್ಣು ಅಸಮವಾಗುತ್ತದೆ.

200 ಗ್ರಾಂ ಇಲಿಗೆ ಕಿಲೋಗೆ 200 ಮಿ.ಗ್ರಾಂ ಡೋಸ್ ಅಂದರೆ 40 ಮಿ.ಗ್ರಾಂ ಸತ್ವ. ಅದನ್ನು 1 ಮಿ.ಲೀ. ಸಿಎಂಸಿಯಲ್ಲಿ ಕಲಸಿ, ಮೊಂಡು ತುದಿಯ ಸೂಜಿಯಿಂದ ಬಾಯಿಯ ಮೂಲಕ ಹೊಟ್ಟೆಗೆ ಇಳಿಸಿ. ಒಂದು ಗಂಟೆ ಬಿಟ್ಟು 1 ಮಿ.ಲೀ. ಶುದ್ಧ ಎಥನಾಲ್ ಕೊಡಿ. ಅವಸರ ಮಾಡಿದರೆ ಹೊಟ್ಟೆಯಲ್ಲುಳಿದ ದ್ರವ ಎಥನಾಲನ್ನು ತೆಳುವಾಗಿಸಿ, ಇಲ್ಲದ ಗುಣ ತೋರಿಸುತ್ತದೆ. ಎಲ್ಲ ಗುಂಪುಗಳಿಗೂ ದ್ರವದ ಅಳತೆ ಒಂದೇ ಇರಬೇಕು.

ಮತ್ತೊಂದು ಗಂಟೆಗೆ ಅರಿವಳಿಕೆಯ ಅತಿಡೋಸ್‌ನಿಂದ ಇಲಿಯನ್ನು ಕೊನೆಗೊಳಿಸಿ. ಈ ಗಾಯ ನೋಯುತ್ತದೆ, ಗಡುವನ್ನು ಒಂದು ನಿಮಿಷವೂ ಎಳೆಯಬಾರದು. ಜಠರವನ್ನು ದೊಡ್ಡ ಬಾಗಿನುದ್ದಕ್ಕೂ ಸೀಳಿ, ಸಲೈನಿನಲ್ಲಿ ಮೃದುವಾಗಿ ತೊಳೆದು, ಹಲಗೆಗೆ ಪಿನ್ ಮಾಡಿ, ಅಳತೆಪಟ್ಟಿಯ ಸಮೇತ ಫೋಟೊ ತೆಗೆಯಿರಿ. ಹುಣ್ಣಿನ ವಿಸ್ತೀರ್ಣ ಅಳೆಯುವವರಿಗೆ ಗುಂಪಿನ ಹೆಸರು ತಿಳಿಯಕೂಡದು. ಸಿಎಂಸಿ ಗುಂಪಿನಲ್ಲಿ ಸರಾಸರಿ 60 ಚದರ ಮಿ.ಮೀ., ಸತ್ವದ ಗುಂಪಿನಲ್ಲಿ 24 ಬಂದರೆ ರಕ್ಷಣೆ 60%.

ಇದು ತಡೆಯುವ ಗುಣವಷ್ಟೇ, ವಾಸಿಮಾಡುವ ಗುಣವಲ್ಲ. ಪ್ರಬಂಧಗಳಲ್ಲಿ ಈ ಎರಡನ್ನೂ ಒಂದೇ ಮಾಡಿ ಬರೆಯುವುದು ಬೇಸರ ತರಿಸುತ್ತದೆ. ವಾಸಿಯ ಪ್ರಶ್ನೆಗೆ ಅಸಿಟಿಕ್ ಆಮ್ಲದಿಂದ ಹುಣ್ಣು ಮಾಡಿ, ನಂತರ ದಿನವೂ ಸತ್ವ ಕೊಡುವ ವಿಧಾನವಿದೆ; ರಕ್ತದೊತ್ತಡ, ಪೊಟ್ಯಾಸಿಯಂ ನೋಡಬೇಕಾದದ್ದೂ ಆ ದಿನಗಳಲ್ಲೇ. ನೋವಿನ ಮಾತ್ರೆಯಿಂದಾಗುವ ಹುಣ್ಣಿಗೆ ಇಂಡೊಮೆಥಾಸಿನ್ (ಅಂಥದೇ ಒಂದು ನೋವಿನ ಮದ್ದು) ಮಾದರಿ ಬೇಕು. ಮನುಷ್ಯರ ಅನೇಕ ಹುಣ್ಣುಗಳಿಗೆ ಕಾರಣವಾದ ಹೆಲಿಕೊಬ್ಯಾಕ್ಟರ್ ಪೈಲೋರಿ ಬ್ಯಾಕ್ಟೀರಿಯಾ ಈ ಯಾವ ಮಾದರಿಯಲ್ಲೂ ಇಲ್ಲ.